ಕೌಂಟರ್ ಹಿಂದಿನ ಹೆಣ್ಣುಮಕ್ಕಳು: ಪದೇ ಪದೇ ಕೇಳುವ ಪ್ರಶ್ನೆಗಳು

ಅಂಗಡಿಯ ಕೌಂಟರ್, ಬ್ಯಾಂಕಿನ ಕಿಟಕಿ, ಹೋಟೆಲ್ ರಿಸೆಪ್ಷನ್, ಕಾಲ್ ಸೆಂಟರ್, ವಿಮಾನ, ಆಸ್ಪತ್ರೆಯ ವಿಚಾರಣೆ ಮೇಜು. ಕೆಲಸ ಬೇರೆ ಬೇರೆ. ಆದರೆ ಅಲ್ಲಿ ಕೆಲಸ ಮಾಡುವ ಹೆಣ್ಣುಮಕ್ಕಳು ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ. ಅವರ ಮೇಲಿನವರು ಕೇಳುವ ಪ್ರಶ್ನೆಗಳೂ ಅಷ್ಟೇ. ಗ್ರಾಹಕರ ಎದುರು ಕೆಲಸ ಮಾಡುವವರಿಗೆ ತರಬೇತಿ ಕೊಡುವಾಗ ನನ್ನ ಕಿವಿಗೆ ಮತ್ತೆ ಮತ್ತೆ ಬಿದ್ದವನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಕೆಲವಕ್ಕೆ ಉತ್ತರ ಉದ್ದ, ಕೆಲವಕ್ಕೆ ನಾಲ್ಕೇ ಸಾಲು.

ಈ ಕೆಲಸ ಹೆಂಗಸರಿಗೆ ಹುಟ್ಟಿನಿಂದಲೇ ಒಗ್ಗುತ್ತದೆ ಅಂತಾರಲ್ಲ, ನಿಜಾನಾ?

ಹಿಂದೆ ನಡೆದದ್ದು ನೋಡಿದರೆ ಹಾಗೆ ಅನ್ನಿಸುವುದಿಲ್ಲ. ಟೆಲಿಫೋನ್ ಬಂದ ಹೊಸತರಲ್ಲಿ ಕರೆ ಜೋಡಿಸುತ್ತಿದ್ದವರು ಹುಡುಗರು. ಟೆಲಿಗ್ರಾಫ್ ಕಚೇರಿಗಳಲ್ಲಿ ಹುಡುಗರಿದ್ದರು, ಇಲ್ಲೂ ಅವರನ್ನೇ ಹಾಕಿದರು. ಅವರು ಚಂದಾದಾರರ ಜೊತೆ ಕೀಟಲೆ ಮಾಡುತ್ತಿದ್ದರು, ಬೈಯುತ್ತಿದ್ದರು. ದೂರುಗಳು ಬಂದವು. 1878ರ ಸೆಪ್ಟೆಂಬರ್ 1ರಂದು ಅಮೆರಿಕದ ಬಾಸ್ಟನ್‌ನಲ್ಲಿ ಎಮ್ಮಾ ನಟ್ ಎಂಬಾಕೆ ಕೆಲಸಕ್ಕೆ ಸೇರಿದರು. ಮೊದಲ ಮಹಿಳಾ ಟೆಲಿಫೋನ್ ಆಪರೇಟರ್ ಎಂದು ಅವರನ್ನೇ ಹೇಳುತ್ತಾರೆ. ಕೆಲವೇ ವರ್ಷಗಳಲ್ಲಿ ಆ ಕುರ್ಚಿಗಳೆಲ್ಲ ಹೆಂಗಸರ ಪಾಲಾದವು. ಮೃದು ದನಿ, ತಾಳ್ಮೆ ಅಂತ ಎಲ್ಲರೂ ಹೊಗಳಿದರು. ಸಂಬಳ ಕಮ್ಮಿ ಕೊಟ್ಟರೂ ನಡೆಯುತ್ತದೆ ಅನ್ನುವ ಇನ್ನೊಂದು ಕಾರಣವನ್ನು ಅಷ್ಟು ಜೋರಾಗಿ ಹೇಳಲಿಲ್ಲ.

ವಿಮಾನದ ಕತೆಯೂ ಇದೇ. ಮೊದಮೊದಲು ಪ್ರಯಾಣಿಕರನ್ನು ನೋಡಿಕೊಳ್ಳುತ್ತಿದ್ದವರು ಗಂಡಸರು. 1930ರಲ್ಲಿ ಎಲೆನ್ ಚರ್ಚ್ ಎಂಬ ನರ್ಸ್ ಬೋಯಿಂಗ್ ಏರ್ ಟ್ರಾನ್ಸ್‌ಪೋರ್ಟ್ ಕಂಪನಿಗೆ ಹೋಗಿ ಕೆಲಸ ಕೇಳಿದರು. ಅವರಿಗೆ ವಿಮಾನ ಹಾರಿಸುವುದೂ ಗೊತ್ತಿತ್ತು. ಪೈಲಟ್ ಆಗುವ ಆಸೆ ಇತ್ತು. ಆ ಕೆಲಸ ಸಿಗಲಿಲ್ಲ, ಪ್ರಯಾಣಿಕರನ್ನು ನೋಡಿಕೊಳ್ಳುವ ಕೆಲಸ ಸಿಕ್ಕಿತು. ಅವರ ಜೊತೆ ಸೇರಿದವರೂ ನರ್ಸ್‌ಗಳೇ. ಮದುವೆ ಆಗಿರಬಾರದು, ವಯಸ್ಸು 25 ದಾಟಿರಬಾರದು, ಎತ್ತರ ಇಷ್ಟು, ತೂಕ ಇಷ್ಟು ಅಂತ ಷರತ್ತುಗಳಿದ್ದವು. ಆಮೇಲಿನ ಮೂರು ನಾಲ್ಕು ದಶಕಗಳಲ್ಲಿ ಇದು ‘ಹೆಂಗಸರ ಕೆಲಸ’ ಅಂತಲೇ ಆಗಿಹೋಯಿತು.

ಅಂದರೆ, ಮೊದಲು ಯಾರನ್ನು ಕೂರಿಸಬೇಕು ಅಂತ ಕಂಪನಿ ತೀರ್ಮಾನಿಸುತ್ತದೆ. ಕೂತವರ ಗುಣವೇ ಅದು ಅನ್ನುವ ಮಾತು ಆಮೇಲೆ ಹುಟ್ಟುತ್ತದೆ. ‘ಸ್ವಭಾವ’ ಅಂದುಬಿಟ್ಟರೆ ಕಂಪನಿಗೆ ಒಂದು ಲಾಭವೂ ಇದೆ. ಕಲಿತ ಕೌಶಲಕ್ಕೆ ದುಡ್ಡು ಕೊಡಬೇಕು. ಹುಟ್ಟುಗುಣಕ್ಕೆ ಯಾರು ಕೊಡುತ್ತಾರೆ?

ನಗುನಗುತ್ತಾ ಇರುವುದೂ ಕೆಲಸವೇ?

ಹೌದು, ಅದೂ ದಣಿಸುವ ಕೆಲಸ. ಅಮೆರಿಕದ ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಶೀಲ್ಡ್ 1983ರಲ್ಲಿ ಇದಕ್ಕೆ ‘ಭಾವನಾತ್ಮಕ ದುಡಿಮೆ’ ಎಂದು ಹೆಸರಿಟ್ಟರು. ಅವರು ಡೆಲ್ಟಾ ಏರ್‌ಲೈನ್ಸ್‌ನ ಗಗನಸಖಿಯರ ಜೊತೆ ಮಾತಾಡಿ, ಅವರ ತರಬೇತಿ ತರಗತಿಗಳಲ್ಲಿ ಕೂತು ನೋಡಿದ್ದರು. ಸಾಲ ವಸೂಲಿ ಮಾಡುವವರನ್ನೂ ನೋಡಿದ್ದರು. ಎರಡೂ ಕಡೆ ಭಾವನೆಯೇ ಬಂಡವಾಳ. ಗಗನಸಖಿ ಎದುರಿನವರನ್ನು ದೊಡ್ಡವರನ್ನಾಗಿ ಮಾಡಬೇಕು, ವಸೂಲಿಯವನು ಚಿಕ್ಕವರನ್ನಾಗಿ ಮಾಡಬೇಕು. ಮೊದಲನೆಯ ಕೆಲಸದಲ್ಲಿ ಹೆಂಗಸರೇ ಜಾಸ್ತಿ ಇದ್ದದ್ದು ಆಕಸ್ಮಿಕ ಅಲ್ಲ.

ಹಾಕ್‌ಶೀಲ್ಡ್ ಎರಡು ಬಗೆಯ ನಟನೆಯನ್ನು ಗುರುತಿಸಿದರು. ಒಂದು, ಮುಖದಲ್ಲಿ ಮಾತ್ರ ನಗು. ಒಳಗೆ ಕುದಿಯುತ್ತಿರುತ್ತದೆ. ಇನ್ನೊಂದು, ಒಳಗಿನದನ್ನೇ ಬದಲಿಸಿಕೊಳ್ಳುವುದು. ‘ಪಾಪ, ಇವರಿಗೆ ಏನು ಕಷ್ಟವೋ, ಅದಕ್ಕೇ ಕೂಗಾಡುತ್ತಿದ್ದಾರೆ’ ಅಂತ ತನಗೆ ತಾನೇ ಹೇಳಿಕೊಂಡು ಸಿಟ್ಟು ಇಳಿಸಿಕೊಳ್ಳುವುದು. ಎರಡನೆಯದು ಒಳ್ಳೆಯದು ಅಂತ ತರಬೇತಿಗಳಲ್ಲಿ ಹೇಳುತ್ತಾರೆ. ನಾನೂ ಹೇಳಿಕೊಡುತ್ತೇನೆ, ಕೆಲವು ಸಲ ಉಪಯೋಗಕ್ಕೆ ಬರುತ್ತದೆ. ಆದರೆ ದಿನವಿಡೀ ಕಂಡವರ ಸಿಟ್ಟಿಗೆಲ್ಲ ನಾವೇ ಕಾರಣ ಹುಡುಕಿ ಕೊಡುತ್ತಾ ಹೋದರೆ, ಸಂಜೆ ಹೊತ್ತಿಗೆ ನಮಗೆ ಸಿಟ್ಟು ಬಂದದ್ದೇ ತಪ್ಪು ಅನ್ನಿಸತೊಡಗುತ್ತದೆ. ಅಲ್ಲಿಗೆ ಹೋಗಬೇಡಿ.

ನಮ್ಮಲ್ಲಿ ಗಂಡಸರಿಗೂ ಅದೇ ನಿಯಮ ಇದೆ. ಹಾಗಿದ್ದಮೇಲೆ ವ್ಯತ್ಯಾಸ ಎಲ್ಲಿ?

ನಿಯಮ ಒಂದೇ ಇರಬಹುದು. ಗ್ರಾಹಕರು ಅದನ್ನು ಒಂದೇ ಥರ ಓದುವುದಿಲ್ಲ. ಹುಡುಗ ನಗದೆ ಬಿಲ್ ಕೊಟ್ಟರೆ ‘ಕೆಲಸದ ಗಡಿಬಿಡಿಯಲ್ಲಿದ್ದಾನೆ’. ಹುಡುಗಿ ನಗದೆ ಬಿಲ್ ಕೊಟ್ಟರೆ ‘ಏನು ಧಿಮಾಕು’. ಅವನು ನಕ್ಕರೆ ಅದು ಹೆಚ್ಚುವರಿ, ಹೊಗಳಿಕೆ ಸಿಗುತ್ತದೆ. ಅವಳು ನಕ್ಕರೆ ಅದು ಲೆಕ್ಕಕ್ಕೇ ಇಲ್ಲ.

ಹಾಕ್‌ಶೀಲ್ಡ್ ಇದನ್ನೂ ಗಮನಿಸಿದ್ದರು. ಅದೇ ವಿಮಾನ, ಅದೇ ಕೆಲಸ, ಆದರೆ ಪ್ರಯಾಣಿಕರು ಗಂಡು ಸಿಬ್ಬಂದಿಯನ್ನು ಮೇಲಿನ ಅಧಿಕಾರಿ ಅಂತ ತಿಳಿದುಕೊಳ್ಳುತ್ತಿದ್ದರು. ಅವನು ‘ಆಗಲ್ಲ’ ಅಂದರೆ ಸುಮ್ಮನಾಗುತ್ತಿದ್ದರು. ಅವಳು ಅಂದರೆ ವಾದಕ್ಕೆ ಇಳಿಯುತ್ತಿದ್ದರು. ಗಂಡಸರಿಗೆ ಕೇಳದೆಯೇ ಒಂದು ಗುರಾಣಿ ಸಿಕ್ಕಿರುತ್ತದೆ. ಅವರಲ್ಲಿ ತುಂಬಾ ಜನಕ್ಕೆ ಅದು ಇರುವುದೇ ಗೊತ್ತಿರುವುದಿಲ್ಲ.

2017ರಲ್ಲಿ ಅಮೆರಿಕದ ಒಂದು ಸಣ್ಣ ಕಚೇರಿಯ ಇಬ್ಬರು ನೌಕರರ ಅನುಭವ ಎಲ್ಲೆಡೆ ಹಬ್ಬಿತ್ತು. ಒಬ್ಬ ಗಂಡಸು, ಒಬ್ಬ ಹೆಂಗಸು. ಜನರ ರೆಸ್ಯುಮೆ ತಿದ್ದಿಕೊಡುವುದು ಅವರ ಕೆಲಸ. ಒಂದು ದಿನ ಆ ಗಂಡಸಿಗೆ ಗ್ರಾಹಕನೊಬ್ಬ ಇಮೇಲ್‌ನಲ್ಲಿ ವಿಪರೀತ ಒರಟಾಗಿ ಬರೆಯುತ್ತಿದ್ದ. ನೋಡಿದರೆ, ಹಂಚಿಕೊಂಡ ಖಾತೆಯಿಂದ ಹೋಗುತ್ತಿದ್ದ ಪತ್ರಗಳ ಕೆಳಗೆ ಅವನ ಹೆಸರಿನ ಬದಲು ಆ ಸಹೋದ್ಯೋಗಿ ಹೆಂಗಸಿನ ಹೆಸರು ಬಿದ್ದಿತ್ತು. ಅವನು ತನ್ನ ಹೆಸರು ಹಾಕಿ ಬರೆದಾಗ ಅದೇ ಗ್ರಾಹಕ ಮೆತ್ತಗಾದ. ಆಮೇಲೆ ಇಬ್ಬರೂ ಬೇಕೆಂದೇ ಸ್ವಲ್ಪ ಕಾಲ ಹೆಸರು ಅದಲುಬದಲು ಮಾಡಿಕೊಂಡರು. ಅವಳ ಹೆಸರಲ್ಲಿ ಬರೆದ ಅವನು ಪ್ರತಿ ಸಲಹೆಗೂ ಸಮಜಾಯಿಷಿ ಕೊಡುತ್ತಾ ಕೂರಬೇಕಾಯಿತು. ಅವಳ ಕೆಲಸ ಮಾತ್ರ ಚಕಚಕ ಮುಗಿಯಿತು. ಇದು ಸಂಶೋಧನೆ ಏನೂ ಅಲ್ಲ, ಇಬ್ಬರ ಅನುಭವ ಅಷ್ಟೇ. ಆದರೂ ‘ಅವಳು ಕೆಲಸದಲ್ಲಿ ನಿಧಾನ’ ಅಂತ ವರದಿ ಬರೆಯುವ ಮೇಲಧಿಕಾರಿಗಳು ಒಂದು ಸಲ ಇದನ್ನು ನೆನಪಿಸಿಕೊಳ್ಳಬೇಕು.

‘ಗಂಡಸರು ಯಾರಾದ್ರೂ ಇದ್ರೆ ಕರೀರಿ’ ಅನ್ನುವ ಗ್ರಾಹಕರಿಗೆ ಏನು ಹೇಳುವುದು?

ಎಲೆಕ್ಟ್ರಾನಿಕ್ಸ್, ವಾಹನದ ಬಿಡಿಭಾಗ, ಸಾಲದ ವಿಭಾಗ, ಟೆಕ್ನಿಕಲ್ ಸಪೋರ್ಟ್: ಇಂಥ ಕಡೆ ಇದು ದಿನನಿತ್ಯದ ಮಾತು. ಒಂದು ದೃಶ್ಯ ನೋಡಿ. ಗ್ರಾಹಕರು ಇನ್ವರ್ಟರ್ ಬಗ್ಗೆ ಕೇಳುತ್ತಾರೆ. ಹುಡುಗಿ ಹೇಳುತ್ತಾಳೆ: ‘ಸರ್, ನಿಮ್ಮ ಲೋಡ್‌ಗೆ ಈ ಬ್ಯಾಟರಿ ಸಾಕಾಗಲ್ಲ.’ ಅವರ ಕಣ್ಣು ಅವಳ ಭುಜದ ಮೇಲಿಂದ ಹಿಂದಕ್ಕೆ ಹೋಗುತ್ತದೆ. ‘ಇಲ್ಲಿ ಯಾರೂ ಇಲ್ವಾಮ್ಮಾ?’ ಅವಳು ಅಲ್ಲೇ ನಿಂತಿದ್ದಾಳೆ! ಸ್ಟಾಕ್ ಎಣಿಸುತ್ತಿದ್ದ ಹುಡುಗ ಬರುತ್ತಾನೆ. ಸೇರಿ ಇನ್ನೂ ಎರಡು ವಾರ ಆಗಿಲ್ಲ. ಅವನು ಅವಳ ಕಡೆ ತಿರುಗಿ ಕೇಳುತ್ತಾನೆ, ಅವಳು ಉತ್ತರ ಹೇಳುತ್ತಾಳೆ, ಅವನು ಅದನ್ನೇ ಗ್ರಾಹಕರಿಗೆ ಹೇಳುತ್ತಾನೆ. ‘ಹಾಂ, ಈಗ ಗೊತ್ತಾಯ್ತು’ ಅಂತ ಅವರು ತಲೆ ಆಡಿಸುತ್ತಾರೆ.

ಇಲ್ಲಿ ಹುಡುಗಿ ಏನು ಹೇಳಬೇಕು ಅನ್ನುವುದಕ್ಕಿಂತ ಆ ಹುಡುಗ ಏನು ಹೇಳಬೇಕು ಅನ್ನುವುದು ಮುಖ್ಯ. ಅವನು ಹೇಳಬೇಕಾದದ್ದು ಇಷ್ಟೇ: ‘ಸರ್, ಈ ವಿಭಾಗ ನೋಡಿಕೊಳ್ಳುವುದು ಇವರೇ. ನನಗಿಂತ ಚೆನ್ನಾಗಿ ಇವರಿಗೇ ಗೊತ್ತು.’ ಹೇಳಿ ವಾಪಸ್ ಹೋಗಿಬಿಡಬೇಕು. ಪಕ್ಕದಲ್ಲೇ ನಿಂತರೆ ಗ್ರಾಹಕರು ಅವನ ಮುಖ ನೋಡಿಕೊಂಡೇ ಮಾತಾಡುತ್ತಾರೆ. ಇದನ್ನು ತಂಡದಲ್ಲಿ ಮೊದಲೇ ಮಾತಾಡಿಕೊಂಡಿರಬೇಕು. ಆ ಗಳಿಗೆಯಲ್ಲಿ ತಾನಾಗೇ ಹೊಳೆಯುವುದಿಲ್ಲ.

ಒಬ್ಬಳೇ ಇದ್ದರೆ? ‘ಈ ವಿಭಾಗಕ್ಕೆ ನಾನೇ ಇರೋದು ಸರ್, ಕೇಳಿ’ ಅನ್ನಿ. ಕ್ಷಮೆ ಕೇಳುವ ದನಿ ಬೇಡ. ನಿಮ್ಮ ಓದು, ಅನುಭವ ಎಲ್ಲಾ ಪಟ್ಟಿ ಮಾಡಿ ಒಪ್ಪಿಸುವುದೂ ಬೇಡ. ಅದು ಸಂದರ್ಶನ ಅಲ್ಲ.

ನಾನು ಸ್ನೇಹದಿಂದ ಮಾತಾಡಿದರೆ ಸಲುಗೆ ಅಂದುಕೊಳ್ಳುತ್ತಾರೆ. ತಪ್ಪು ನನ್ನದಾ?

ಅಲ್ಲ. ಸಂಬಳಕ್ಕೆ ಕೊಡುವ ಸೌಜನ್ಯವನ್ನು ತನಗೆ ಮಾತ್ರ ಕೊಟ್ಟದ್ದು ಅಂದುಕೊಳ್ಳುವುದು ಅವರ ಎಣಿಕೆ. ಆ ಎಣಿಕೆಗೆ ಕಂಪನಿಯ ನಿಯಮವೂ ಕುಮ್ಮಕ್ಕು ಕೊಡುತ್ತದೆ. 1990ರ ದಶಕದಲ್ಲಿ ಅಮೆರಿಕದ ಸೇಫ್‌ವೇ ಸೂಪರ್‌ಮಾರ್ಕೆಟ್‌ಗಳಲ್ಲಿ ಗ್ರಾಹಕರ ಕಣ್ಣಲ್ಲಿ ಕಣ್ಣಿಟ್ಟು ನಗಬೇಕು, ಸಾಧ್ಯವಾದರೆ ಹೆಸರು ಹಿಡಿದು ಮಾತಾಡಿಸಬೇಕು ಅಂತ ನಿಯಮ ಬಂತು. ಗ್ರಾಹಕರ ವೇಷದಲ್ಲಿ ಬಂದು ಪರೀಕ್ಷಿಸುವವರೂ ಇದ್ದರು. 1998ರ ಹೊತ್ತಿಗೆ ಕೆಲವು ಮಹಿಳಾ ನೌಕರರು ದೂರು ಕೊಟ್ಟರು. ಗಂಡಸರು ಇದನ್ನು ಬೇರೆ ಅರ್ಥದಲ್ಲಿ ತೆಗೆದುಕೊಳ್ಳುತ್ತಿದ್ದಾರೆ, ಹಿಂದೆ ಬೀಳುತ್ತಿದ್ದಾರೆ ಅನ್ನುವುದು ಅವರ ಅಳಲು.

ಆ ನಿಯಮ ಬರೆದವರಿಗೆ ಬಹುಶಃ ಇದು ಹೊಳೆದಿರಲಿಕ್ಕಿಲ್ಲ. ಕಣ್ಣು ನೋಡಿ ನಗಬೇಕೋ, ಬೇರೆ ಕಡೆ ನೋಡಬೇಕೋ ಅಂತ ಹೆಣ್ಣುಮಕ್ಕಳು ಬೀದಿಯಲ್ಲಿ ದಿನವೂ ಅಳೆದು ತೂಗಿ ನಡೆಯುತ್ತಾರೆ. ಅವರ ಆ ಅಂದಾಜನ್ನೇ ನಿಯಮ ಕಿತ್ತುಕೊಂಡಿತು. ಯಾವ ಸೇವಾ ನಿಯಮವೇ ಆಗಲಿ, ‘ನಿಮಗೆ ಸರಿ ಅನ್ನಿಸದಿದ್ದರೆ ಬಿಡಬಹುದು’ ಅನ್ನುವ ಒಂದು ಸಾಲು ಇರಲೇಬೇಕು.

ಹೆಸರಿನ ಬ್ಯಾಡ್ಜ್ ವಿಷಯವೂ ಇಲ್ಲೇ ಬರುತ್ತದೆ. ಪೂರ್ತಿ ಹೆಸರು ಎದೆ ಮೇಲೆ ಹಾಕಿಕೊಂಡವಳನ್ನು ಸೋಷಿಯಲ್ ಮೀಡಿಯಾದಲ್ಲಿ ಹುಡುಕುವುದು ಎರಡು ನಿಮಿಷದ ಕೆಲಸ. ಬರೀ ಮೊದಲ ಹೆಸರು ಅಥವಾ ಒಂದು ನಂಬರ್ ಇದ್ದರೆ ಗ್ರಾಹಕರಿಗೆ ಏನೂ ನಷ್ಟ ಇಲ್ಲ.

ಮೇಕಪ್, ಹೈ ಹೀಲ್ಸ್ ಕಡ್ಡಾಯ ಮಾಡಬಹುದಾ?

ದೇಶ, ಕಾಲ ನೋಡಿ ಉತ್ತರ ಬದಲಾಗುತ್ತದೆ. ಅಮೆರಿಕದ ರೀನೋ ನಗರದ ಕ್ಯಾಸಿನೊ ಒಂದರಲ್ಲಿ ಡಾರ್ಲೀನ್ ಜೆಸ್ಪರ್ಸನ್ ಸುಮಾರು ಇಪ್ಪತ್ತು ವರ್ಷ ಬಾರ್‌ಟೆಂಡರ್ ಆಗಿದ್ದರು. ಒಳ್ಳೆ ಹೆಸರೂ ಇತ್ತು. 2000ದಲ್ಲಿ ಹೆಂಗಸರೆಲ್ಲ ಮೇಕಪ್ ಹಾಕಲೇಬೇಕು ಅಂತ ನಿಯಮ ಬಂತು. ಅವರು ಒಪ್ಪಲಿಲ್ಲ, ಕೆಲಸ ಹೋಯಿತು. ಗಂಡಸರಿಗೂ ಕೂದಲು ಗಿಡ್ಡ ಇರಬೇಕು ಅಂತ ನಿಯಮ ಇದೆಯಲ್ಲ, ಹೆಂಗಸರ ಮೇಲೆ ಭಾರ ಹೆಚ್ಚು ಅನ್ನುವುದಕ್ಕೆ ಪುರಾವೆ ಕೊಟ್ಟಿಲ್ಲ ಅನ್ನುವ ದಾರಿ ಹಿಡಿದು 2006ರಲ್ಲಿ ಮೇಲ್ಮನವಿ ನ್ಯಾಯಾಲಯ ಕ್ಯಾಸಿನೊ ಪರ ತೀರ್ಪು ಕೊಟ್ಟಿತು. ಕೂದಲು ಕತ್ತರಿಸಿಕೊಳ್ಳುವುದೂ ದಿನಾ ಬೆಳಿಗ್ಗೆ ಫೌಂಡೇಶನ್, ಮಸ್ಕಾರಾ, ಲಿಪ್‌ಸ್ಟಿಕ್ ಹಚ್ಚಿಕೊಳ್ಳುವುದೂ ಸಮ ಅಲ್ಲ ಅನ್ನುವುದಕ್ಕೂ ಪುರಾವೆ ಬೇಕಂತೆ. ಎಷ್ಟು ಹೊತ್ತು ಬೇಕು, ಎಷ್ಟು ದುಡ್ಡು ಬೇಕು ಅಂತ ದಿನಾ ಹಚ್ಚಿಕೊಳ್ಳುವವರನ್ನು ಕೇಳಿದ್ದರೆ ಸಾಕಿತ್ತು.

ಲಂಡನ್‌ನಲ್ಲಿ ನಿಕೋಲಾ ಥಾರ್ಪ್ ಎಂಬ ರಿಸೆಪ್ಷನಿಸ್ಟ್ ಚಪ್ಪಟೆ ಶೂ ಹಾಕಿಕೊಂಡು ಬಂದರೆಂದು ಮೊದಲ ದಿನವೇ ಮನೆಗೆ ಕಳಿಸಿದ್ದರು. 2016ರಲ್ಲಿ ಅವರು ಶುರು ಮಾಡಿದ ಮನವಿಗೆ ಒಂದೂವರೆ ಲಕ್ಷಕ್ಕೂ ಹೆಚ್ಚು ಸಹಿ ಬಿತ್ತು. ಸಂಸತ್ತಿನಲ್ಲಿ ಚರ್ಚೆ ಆಯಿತು. ಕಾನೂನು ಮಾತ್ರ ಬದಲಾಗಲಿಲ್ಲ, ಇರುವುದೇ ಸಾಕು ಅಂತ ಸರ್ಕಾರ ಹೇಳಿತು. 2019ರಲ್ಲಿ ಜಪಾನಿನಲ್ಲಿ ಯುಮಿ ಇಶಿಕಾವಾ ಇಂಥದ್ದೇ ಚಳವಳಿ ಎಬ್ಬಿಸಿದರು. ಮರುವರ್ಷ ಜಪಾನ್ ಏರ್‌ಲೈನ್ಸ್ ತನ್ನ ಮಹಿಳಾ ಸಿಬ್ಬಂದಿಗೆ ಹೀಲ್ಸ್ ಕಡ್ಡಾಯ ಅಲ್ಲ, ಪ್ಯಾಂಟ್ ಕೂಡ ಹಾಕಬಹುದು ಅಂದಿತು. ವರ್ಜಿನ್ ಅಟ್ಲಾಂಟಿಕ್ 2019ರಲ್ಲೇ ಮೇಕಪ್ ಕಡ್ಡಾಯವನ್ನು ಕೈಬಿಟ್ಟಿತ್ತು. ಇದರಿಂದ ಯಾವ ವಿಮಾನವೂ ಕೆಳಗೆ ಬೀಳಲಿಲ್ಲ.

ನಿಮ್ಮಲ್ಲಿ ಇಂಥ ನಿಯಮ ಇದ್ದರೆ ಮೊದಲು ಬರವಣಿಗೆಯಲ್ಲಿ ಕೇಳಿ. ಬಾಯಿಮಾತಿನ ನಿಯಮಗಳು ಕಾಗದಕ್ಕೆ ಬರುವಾಗ ಎಷ್ಟೋ ಸಲ ತಾವೇ ಕರಗುತ್ತವೆ.

ಇಡೀ ಶಿಫ್ಟ್ ನಿಂತೇ ಇರಬೇಕು ಅಂತಾರೆ. ಇದಕ್ಕೆ ಕಾನೂನಿದೆಯಾ?

ಬ್ರಿಟನ್‌ನಲ್ಲಿ 1899ರಲ್ಲೇ ಅಂಗಡಿಯ ಹೆಣ್ಣುಮಕ್ಕಳಿಗಾಗಿ ಒಂದು ಕಾಯ್ದೆ ಬಂತು: ಮೂವರಿಗೆ ಒಂದರಂತೆ ಆಸನ ಇಡಬೇಕು. ಭಾರತದಲ್ಲಿ ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಅಂಗಡಿ ನೌಕರರಿಗೆ ಕೂರುವ ಹಕ್ಕು ಕೊಟ್ಟವು. ಕೇರಳದಲ್ಲಿ ಅದು ಸುಮ್ನೆ ಬರಲಿಲ್ಲ. ಬಟ್ಟೆ ಅಂಗಡಿಗಳ ಸೇಲ್ಸ್ ಹೆಣ್ಣುಮಕ್ಕಳು ವರ್ಷಗಟ್ಟಲೆ ಹೋರಾಡಿದರು. ಕೂತರೆ ಬೈಗುಳ, ಗೋಡೆಗೆ ಒರಗಿದರೂ ದಂಡ, ಶೌಚಾಲಯಕ್ಕೆ ಹೋಗಲೂ ಬಿಡುವಿಲ್ಲ ಅನ್ನುವುದು ಅವರ ದೂರಾಗಿತ್ತು. ಗ್ರಾಹಕರಿಗೆ ಅಗೌರವ ಆಗುತ್ತದೆ ಅನ್ನುವುದು ಮಾಲೀಕರ ವಾದ. ಕೂತು ಬಿಲ್ ಮಾಡಿದರೆ ಯಾರಿಗೆ ಏನು ಅಗೌರವವೋ, ನನಗಂತೂ ಇವತ್ತಿಗೂ ಅರ್ಥವಾಗಿಲ್ಲ.

ಮದುವೆ, ಮಗು ಆದಮೇಲೆ ‘ಮುಂದಿನ ಸಾಲಿನಿಂದ’ ಹಿಂದಕ್ಕೆ ಹಾಕುತ್ತಾರೆ. ಇದು ಸರಿಯಾ?

ಸರಿಯಲ್ಲ. ಏರ್ ಇಂಡಿಯಾದ ಗಗನಸಖಿಯರಿಗೆ ಒಂದು ಕಾಲದಲ್ಲಿ ನಿಯಮ ಹೀಗಿತ್ತು: 35 ವರ್ಷಕ್ಕೆ ನಿವೃತ್ತಿ, ಅಥವಾ ಸೇರಿದ ನಾಲ್ಕು ವರ್ಷದೊಳಗೆ ಮದುವೆಯಾದರೆ, ಅಥವಾ ಮೊದಲ ಸಲ ಗರ್ಭಿಣಿಯಾದರೆ, ಯಾವುದು ಮೊದಲೋ ಅದು. ನರ್ಗೆಶ್ ಮಿರ್ಜಾ ಮತ್ತಿತರರು ಕೋರ್ಟಿಗೆ ಹೋದರು. 1981ರಲ್ಲಿ ಸುಪ್ರೀಂ ಕೋರ್ಟ್ ಗರ್ಭಿಣಿಯಾದರೆ ಮನೆಗೆ ಕಳಿಸುವ ನಿಯಮವನ್ನು ಹೊಡೆದುಹಾಕಿತು, ಖಾರವಾಗಿಯೇ. ಆದರೆ ಮೊದಲ ನಾಲ್ಕು ವರ್ಷ ಮದುವೆ ಆಗಬಾರದು ಅನ್ನುವುದನ್ನು ಉಳಿಸಿತು. ಅರ್ಧ ಗೆಲುವು.

ಈಗ ಇಂಥದ್ದನ್ನು ಯಾರೂ ನಿಯಮ ಅಂತ ಬರೆಯುವುದಿಲ್ಲ. ‘ಬ್ಯಾಕ್ ಆಫೀಸ್ ನಿಮಗೆ ಅನುಕೂಲ’ ಅಂತಾರೆ. ನಿಜಕ್ಕೂ ಅನುಕೂಲವಾ ಅಂತ ಅವಳನ್ನು ಕೇಳಿದ್ದಾರಾ? ಕೌಂಟರ್ ಬಿಟ್ಟರೆ ಇನ್ಸೆಂಟಿವ್ ಕಳೆದುಕೊಳ್ಳುತ್ತಾಳಾ? ಈ ಎರಡು ಪ್ರಶ್ನೆ ಕೇಳಿದರೆ ಬಣ್ಣ ಬಯಲಾಗುತ್ತದೆ.

ಗ್ರಾಹಕರಿಗೆ ಹೆಂಗಸರೇ ಇಷ್ಟ ಅಂದರೆ ಕಂಪನಿ ಏನು ಮಾಡಬೇಕು?

ಇದೇ ವಾದವನ್ನು ಅಮೆರಿಕದ ಪ್ಯಾನ್ ಆಮ್ ವಿಮಾನ ಕಂಪನಿ ಹೂಡಿತ್ತು. ಸೆಲಿಯೊ ಡಿಯಾಜ್ ಎಂಬ ಗಂಡಸಿಗೆ ಕ್ಯಾಬಿನ್ ಸಿಬ್ಬಂದಿ ಕೆಲಸ ಕೊಡಲಿಲ್ಲ. ಪ್ರಯಾಣಿಕರಿಗೆ ಹೆಣ್ಣಿನ ಆರೈಕೆಯೇ ಹಿತ ಅಂತ ಮನಶ್ಶಾಸ್ತ್ರಜ್ಞರಿಂದ ಸಾಕ್ಷಿ ಹೇಳಿಸಿದರು. 1971ರಲ್ಲಿ ಮೇಲ್ಮನವಿ ನ್ಯಾಯಾಲಯ ಒಪ್ಪಲಿಲ್ಲ. ವಿಮಾನ ಕಂಪನಿಯ ಮುಖ್ಯ ಕೆಲಸ ಜನರನ್ನು ಸುರಕ್ಷಿತವಾಗಿ ಸಾಗಿಸುವುದು, ಗ್ರಾಹಕರ ಇಷ್ಟಾನಿಷ್ಟ ನೆಪ ಆಗಬಾರದು ಅಂದಿತು. ಗಂಡಸೊಬ್ಬ ಹಾಕಿದ ಆ ಕೇಸು ಹೆಂಗಸರಿಗೂ ದಾರಿ ಮಾಡಿಕೊಟ್ಟಿತು, ಯಾಕೆಂದರೆ ‘ಗ್ರಾಹಕರಿಗೆ ಇಷ್ಟ ಇಲ್ಲ’ ಅನ್ನುವ ನೆಪದಲ್ಲೇ ಹೆಂಗಸರನ್ನು ಎಷ್ಟೋ ಕೆಲಸಗಳಿಂದ ದೂರ ಇಟ್ಟಿದ್ದರು.

ಇದರ ಉಲ್ಟಾ ರೂಪ ‘ನಿಮ್ಮ ಒಳ್ಳೇದಕ್ಕೇ ಬೇಡ ಅಂತಿದ್ದೀವಿ’ ಅನ್ನುವುದು. ಮದ್ಯ ಸರಬರಾಜು ಮಾಡುವ ಜಾಗಗಳಲ್ಲಿ ಹೆಂಗಸರು ಕೆಲಸ ಮಾಡಬಾರದು ಎಂಬ 1914ರ ಪಂಜಾಬ್ ಅಬಕಾರಿ ಕಾಯ್ದೆಯ ನಿಯಮವನ್ನು ಭಾರತದ ಸುಪ್ರೀಂ ಕೋರ್ಟ್ 2007ರಲ್ಲಿ ಸಂವಿಧಾನಕ್ಕೆ ವಿರುದ್ಧ ಎಂದು ತೀರ್ಮಾನಿಸಿತು. ರಕ್ಷಣೆ ಬೇಕಿದ್ದರೆ ಜಾಗವನ್ನು ಸುರಕ್ಷಿತ ಮಾಡಿ, ಅವಳ ಕೆಲಸ ಕಿತ್ತುಕೊಳ್ಳಬೇಡಿ ಅನ್ನುವುದು ತೀರ್ಪಿನ ಸಾರ.

ಕಿರುಕುಳ ಕೊಟ್ಟವನು ಗ್ರಾಹಕ. ಅವನು ನಮ್ಮ ನೌಕರ ಅಲ್ಲವಲ್ಲ, ಕಂಪನಿ ಏನು ಮಾಡೋಕಾಗತ್ತೆ?

ತುಂಬಾ ಮಾಡೋಕಾಗತ್ತೆ. ಈ ಪ್ರಶ್ನೆಯನ್ನು ಮ್ಯಾನೇಜರ್‌ಗಳೇ ಜಾಸ್ತಿ ಕೇಳುತ್ತಾರೆ. ಕೆಲವರು ನಿಜವಾಗಿ ಗೊತ್ತಿಲ್ಲದೆ, ಕೆಲವರು ಕೈ ತೊಳೆದುಕೊಳ್ಳಲು.

ಭಾರತದ 2013ರ ಕೆಲಸದ ಸ್ಥಳದ ಲೈಂಗಿಕ ಕಿರುಕುಳ ತಡೆ ಕಾಯ್ದೆಯ 19ನೇ ಸೆಕ್ಷನ್ ಓದಿ. ಕೆಲಸದ ಜಾಗದಲ್ಲಿ ಸಂಪರ್ಕಕ್ಕೆ ಬರುವ ಹೊರಗಿನವರಿಂದಲೂ ರಕ್ಷಣೆ ಕೊಡುವುದು ಮಾಲೀಕರ ಹೊಣೆ ಅಂತ ಅಲ್ಲಿ ಸ್ಪಷ್ಟವಾಗಿದೆ. ಕಿರುಕುಳ ಕೊಟ್ಟವನು ನೌಕರ ಅಲ್ಲದಿದ್ದರೂ, ಅವಳು ಬಯಸಿದರೆ, ಅವನ ಮೇಲೆ ಕ್ರಿಮಿನಲ್ ಕ್ರಮ ಶುರು ಮಾಡಿಸಬೇಕು. ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಆಂತರಿಕ ಸಮಿತಿ ಇರಲೇಬೇಕು. ಅದಕ್ಕಿಂತ ಸಣ್ಣ ಜಾಗವಾದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬಹುದು. ದೂರಿಗೆ ಮೂರು ತಿಂಗಳ ಗಡುವು. ಸಕಾರಣ ಇದ್ದರೆ ಸಮಿತಿ ಇನ್ನೂ ಮೂರು ತಿಂಗಳು ವಿಸ್ತರಿಸಬಹುದು.

ಬೇರೆ ಕಡೆಯೂ ಕಾನೂನು ಇತ್ತ ಹೊರಳುತ್ತಿದೆ. ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 190ನೇ ಒಡಂಬಡಿಕೆ 2019ರಲ್ಲಿ ಅಂಗೀಕಾರವಾಗಿ 2021ರ ಜೂನ್‌ನಲ್ಲಿ ಜಾರಿಗೆ ಬಂತು. ಗ್ರಾಹಕರಂಥ ಹೊರಗಿನವರಿಂದ ಆಗುವ ಹಿಂಸೆಯನ್ನೂ ಅದು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ದಕ್ಷಿಣ ಕೊರಿಯಾದಲ್ಲಿ 2018ರ ಅಕ್ಟೋಬರ್‌ನಿಂದ, ಗ್ರಾಹಕರ ಬೈಗುಳ ಹಿಂಸೆಗೆ ಸಿಕ್ಕ ನೌಕರರಿಗೆ ಕೆಲಸ ನಿಲ್ಲಿಸಲು, ವಿರಾಮ ಪಡೆಯಲು ಮಾಲೀಕರು ಅವಕಾಶ ಕೊಡಬೇಕು. ಟೋಕಿಯೊ ನಗರಾಡಳಿತ 2025ರ ಏಪ್ರಿಲ್‌ನಿಂದ ಗ್ರಾಹಕರ ಕಿರುಕುಳವನ್ನೇ ಹೆಸರಿಸಿ ನಿಷೇಧಿಸಿದೆ. ಬ್ರಿಟನ್‌ನಲ್ಲಿ 2024ರ ಅಕ್ಟೋಬರ್‌ನಿಂದ, ದೂರು ಬರುವ ತನಕ ಕಾಯದೆ ಲೈಂಗಿಕ ಕಿರುಕುಳವನ್ನು ಮೊದಲೇ ತಡೆಯುವ ಕ್ರಮ ಕೈಗೊಳ್ಳುವುದು ಮಾಲೀಕರ ಕರ್ತವ್ಯ.

ಅವಳು ಮಾಡಬೇಕಾದದ್ದು: ಅದೇ ದಿನ ಬರೆದಿಡುವುದು. ಹೊತ್ತು, ಜಾಗ, ಆಡಿದ ಮಾತು ಹಾಗ್ಹಾಗೇ, ಹತ್ತಿರ ಯಾರಿದ್ದರು. ಸಿಸಿಟಿವಿ ದೃಶ್ಯ ಅಳಿಸಿಹೋಗದಂತೆ ತೆಗೆದಿಡಿ ಅಂತ ಇಮೇಲ್ ಹಾಕುವುದು. ಇದನ್ನು ತಡ ಮಾಡಬೇಡಿ. ಎಷ್ಟೋ ಕಡೆ ಹಳೆಯ ದೃಶ್ಯದ ಮೇಲೆ ಹೊಸದು ತಾನಾಗೇ ಬಂದು ಕೂರುತ್ತದೆ.

ಟಿಪ್ಸ್ ಮೇಲೆ ಬದುಕುವವರು ಹೇಗೆ ವಿರೋಧಿಸುವುದು?

ಕಷ್ಟ. ಅಮೆರಿಕದಲ್ಲಿ ಟಿಪ್ಸ್ ಪಡೆಯುವವರ ಕನಿಷ್ಠ ಗಂಟೆ ಕೂಲಿ, ಕೇಂದ್ರದ ಕಾನೂನಿನ ಪ್ರಕಾರ, 1991ರಿಂದ 2.13 ಡಾಲರ್‌ನಲ್ಲೇ ನಿಂತಿದೆ. ಉಳಿದದ್ದು ಟಿಪ್ಸ್‌ನಿಂದ ಬರಬೇಕು. ಈ ಕೆಲಸದಲ್ಲಿ ಹೆಂಗಸರೇ ಹೆಚ್ಚು. ಅಂದರೆ ಅವಳ ಸಂಬಳದ ದೊಡ್ಡ ಪಾಲು ಎದುರು ಕೂತವನ ಕೈಯಲ್ಲಿದೆ. ಅವನು ಅಸಭ್ಯವಾಗಿ ಮಾತಾಡಿದರೂ ನಗಬೇಕಾದ ಒತ್ತಾಯ ಅಲ್ಲೇ ಹುಟ್ಟುತ್ತದೆ. ‘ಧೈರ್ಯವಾಗಿ ಹೇಳಿಬಿಡಮ್ಮ’ ಅನ್ನುವ ಬುದ್ಧಿಮಾತು ಇಲ್ಲಿ ನಡೆಯುವುದಿಲ್ಲ. ಸರಿಯಾದ ಸಂಬಳ ಕೊಡಿ, ಟಿಪ್ಸನ್ನು ಎಲ್ಲರೂ ಹಂಚಿಕೊಳ್ಳುವಂತೆ ಮಾಡಿ, ಧೈರ್ಯ ತಾನಾಗೇ ಬರುತ್ತದೆ.

ಯಂತ್ರಗಳು ಬಂದಮೇಲೆ ಇದೆಲ್ಲ ಹೋಗತ್ತಾ?

ಯಂತ್ರಕ್ಕೂ ಹೆಣ್ಣಿನ ದನಿ ಹಾಕಿದರಲ್ಲ! 2019ರಲ್ಲಿ ಯುನೆಸ್ಕೊ ಈ ಬಗ್ಗೆ ಒಂದು ವರದಿ ತಂದಿತು. ಕೆಟ್ಟ ಮಾತಿನಲ್ಲಿ ಬೈದರೆ, ಆಪಲ್ ಫೋನಿನಲ್ಲಿ ಮಾತಾಡುವ ಸಹಾಯಕಿ ಸಿರಿ ನಾಚಿಕೊಂಡಂಥ ಉತ್ತರ ಕೊಡುತ್ತಿದ್ದುದನ್ನು ಅದು ಎತ್ತಿ ತೋರಿಸಿತು. ವರದಿ ಬರುವ ಹೊತ್ತಿಗೆ ಆ ಉತ್ತರವನ್ನು ಬದಲಿಸಿದ್ದರು. 2021ರಲ್ಲಿ ಆಪಲ್, ಇಂಗ್ಲಿಷ್ ಬಳಸುವವರಿಗೆ ತಾನೇ ಹೆಣ್ಣು ದನಿ ಇಟ್ಟುಕೊಡುವುದನ್ನು ಬಿಟ್ಟು, ದನಿ ಆರಿಸಿಕೊಳ್ಳಲು ಹೇಳಿತು.

ಹೆಂಗಸರು ಗ್ರಾಹಕರಾಗಿ ಬಂದರೆ ಇನ್ನೂ ಜೋರು ಮಾಡುತ್ತಾರಲ್ಲ?

ಕೆಲವರು ಮಾಡುತ್ತಾರೆ. ನಿರೀಕ್ಷೆ ಕಲಿಯುವುದು ಗಂಡಸರು ಮಾತ್ರ ಅಲ್ಲ. ಆದರೆ ‘ಹೆಣ್ಣಿಗೆ ಹೆಣ್ಣೇ ಶತ್ರು’ ಅನ್ನುವ ಸಿದ್ಧ ಉತ್ತರ ಬೇಡ. ಅದನ್ನು ಹೇಳಿದವರು ಮುಂದೆ ಏನೂ ಮಾಡಬೇಕಾಗಿಲ್ಲ, ಅದಕ್ಕೇ ಅದು ಅಷ್ಟು ಜನಪ್ರಿಯ.

ಗಂಡಸರಿಗೂ ತೊಂದರೆ ಇದೆಯಲ್ಲ?

ಇದೆ. ನರ್ಸ್, ರಿಸೆಪ್ಷನಿಸ್ಟ್ ಕೆಲಸದಲ್ಲಿರುವ ಹುಡುಗರನ್ನು ಅಣಕಿಸುತ್ತಾರೆ. ಕುಡಿದು ಬಂದವರ, ಕೈ ಎತ್ತುವವರ ಎದುರಿಗೆ ‘ನೀನು ಗಂಡಸು, ನೋಡ್ಕೋ’ ಅಂತ ಅವರನ್ನೇ ತಳ್ಳುತ್ತಾರೆ. ಅದೂ ಇದೇ ನಿರೀಕ್ಷೆಯ ಇನ್ನೊಂದು ತುದಿ.

ನಾನು ಮ್ಯಾನೇಜರ್. ನಾಳೆಯಿಂದಲೇ ಏನು ಬದಲಿಸಬಹುದು?

ಮೊದಲು ಫೀಡ್‌ಬ್ಯಾಕ್ ಫಾರ್ಮ್ ತೆಗೆದು ನೋಡಿ. ‘ಸಿಬ್ಬಂದಿ ನಗುಮುಖದಿಂದ ಇದ್ದರೇ?’ ಅಂತ ಇದ್ದರೆ ಹೊಡೆದುಹಾಕಿ. ‘ನಿಮ್ಮ ಕೆಲಸ ಆಯಿತೇ? ಮಾಹಿತಿ ಸರಿಯಾಗಿತ್ತೇ?’ ಅಂತ ಕೇಳಿ. ನಗುವಿಗೆ ಅಂಕ ಕೊಟ್ಟರೆ ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದು ಕಣ್ಣಿಗೆ ಸುಣ್ಣ ಹಚ್ಚಿದ ಹಾಗೆ. ಆ ಅಂಕವೇ ಆಮೇಲೆ ಬಡ್ತಿಯ ಕಾಗದಕ್ಕೆ ಹೋಗಿ ಕೂರುತ್ತದೆ.

ಎರಡನೆಯದು, ಕರೆ ಕತ್ತರಿಸುವ ಹಕ್ಕು. ಎಷ್ಟು ಬೈದರೂ ಏಜೆಂಟ್ ಕರೆ ಕತ್ತರಿಸುವಂತಿಲ್ಲ ಅನ್ನುವ ಕಾಲ್ ಸೆಂಟರ್‌ಗಳಿವೆ. ಒಂದು ಎಚ್ಚರಿಕೆ ಕೊಟ್ಟು, ನಿಲ್ಲದಿದ್ದರೆ ಇಡಬಹುದು ಅಂತ ಬರೆದುಕೊಡಿ. ಎಚ್ಚರಿಕೆಯ ಮಾತನ್ನೂ ನೀವೇ ಬರೆದುಕೊಡಿ: ‘ನಿಮ್ಮ ಸಮಸ್ಯೆ ಬಗೆಹರಿಸಲು ನಾನಿದ್ದೇನೆ. ಈ ಭಾಷೆ ಮುಂದುವರಿದರೆ ಕರೆ ಮುಗಿಸುತ್ತೇನೆ.’ ಕತ್ತರಿಸಿದ ಮೇಲೆ ಒಂದು ಕರೆಗೆ ಅವಳು ತೆಗೆದುಕೊಳ್ಳುವ ಸರಾಸರಿ ಸಮಯದ ಲೆಕ್ಕದಿಂದ ಆ ಕರೆಯನ್ನು ತೆಗೆದುಹಾಕಿ. ಇಲ್ಲದಿದ್ದರೆ ಹಕ್ಕು ಕಾಗದದ ಮೇಲೆ ಮಾತ್ರ.

ಮತ್ತೆ, ಸಿಟ್ಟಾದ ಗ್ರಾಹಕರನ್ನು ಯಾವಾಗಲೂ ಒಬ್ಬಳೇ ಹುಡುಗಿಗೆ ದಾಟಿಸುತ್ತೀರಾ ನೋಡಿ. ‘ಅವಳು ಚೆನ್ನಾಗಿ ಸಮಾಧಾನ ಮಾಡ್ತಾಳೆ’ ಅನ್ನುವುದು ಹೊಗಳಿಕೆ ಥರ ಕೇಳುತ್ತದೆ. ತಿಂಗಳ ಕೊನೆಯಲ್ಲಿ ಎಣಿಸಿದರೆ ಕಷ್ಟದ ಕೇಸೆಲ್ಲ ಅವಳ ತಲೆಗೆ, ಸುಲಭದ ಮಾರಾಟವೆಲ್ಲ ಬೇರೆಯವರ ಲೆಕ್ಕಕ್ಕೆ. ಸಮಾಧಾನ ಮಾಡುವುದು ಕೌಶಲ ಅಂತ ನಿಮಗೆ ಅನ್ನಿಸಿದರೆ ಅದಕ್ಕೂ ಇನ್ಸೆಂಟಿವ್ ಇಡಿ. ಇಡಲು ಆಗದಿದ್ದರೆ ಸರದಿ ಮಾಡಿ.

ಗ್ರಾಹಕರ ಎದುರು ನಿಮ್ಮ ನೌಕರಳ ಮಾತನ್ನು ತಿರುಗಿಸಬೇಡಿ. ಅವಳು ‘ರೀಫಂಡ್ ಆಗಲ್ಲ’ ಅಂದಿದ್ದಳು, ಅವರು ಕೂಗಾಡಿದರು, ನೀವು ಬಂದು ಕೊಟ್ಟುಬಿಟ್ಟಿರಿ. ಕೂಗಿದರೆ ಸಿಗುತ್ತದೆ, ಅವಳ ಮಾತಿಗೆ ಬೆಲೆ ಇಲ್ಲ ಅಂತ ಎರಡು ಪಾಠ ಒಟ್ಟಿಗೇ ಕಲಿಸಿದಿರಿ. ರಿಯಾಯಿತಿ ಕೊಡಲೇಬೇಕು ಅನ್ನಿಸಿದರೆ ಅದನ್ನು ಕೊಡುವ ಅಧಿಕಾರವನ್ನೂ ಅವಳಿಗೇ ಕೊಡಿ.

ಗ್ರಾಹಕನಾಗಿ ನಾನೇನು ಮಾಡಬಹುದು?

‘ಸ್ವಲ್ಪ ನಗಮ್ಮ’ ಅನ್ನಬೇಡಿ. ಕೌಂಟರಿನಲ್ಲಿ ಇರುವವರನ್ನೇ ಪ್ರಶ್ನೆ ಕೇಳಿ. ಕೆಲಸ ಚೆನ್ನಾಗಿ ಆದರೆ ಫಾರ್ಮ್‌ನಲ್ಲಿ ‘ತುಂಬಾ ಸ್ವೀಟ್’ ಅಂತ ಬರೆಯುವ ಬದಲು ‘ಎರಡು ವಾರದಿಂದ ಆಗದ ಕೆಲಸವನ್ನು ಹತ್ತು ನಿಮಿಷದಲ್ಲಿ ಬಗೆಹರಿಸಿದರು’ ಅಂತ ಬರೆಯಿರಿ. ಬಡ್ತಿಯ ಹೊತ್ತಿಗೆ ಉಪಯೋಗಕ್ಕೆ ಬರುವುದು ಎರಡನೆಯದೇ. ಸಾಲಿನಲ್ಲಿ ನಿಮ್ಮ ಮುಂದಿರುವವರು ಅವಳ ಮೇಲೆ ಕೂಗಾಡುತ್ತಿದ್ದರೆ ‘ಸರ್, ಅವರು ಹೇಳ್ತಿರೋದು ಸರಿ ಇದೆ’ ಅಂತ ಒಂದು ಮಾತು ಹಾಕಿ. ಅದನ್ನು ಹೇಳುವ ಸ್ವಾತಂತ್ರ್ಯ ಅವಳಿಗಿಂತ ನಿಮಗೇ ಜಾಸ್ತಿ ಇದೆ, ನಿಮ್ಮನ್ನು ಯಾರೂ ಕೆಲಸದಿಂದ ತೆಗೆಯುವುದಿಲ್ಲ.